ಆಳು-ತಿಂಗಳಿನ ತಪ್ಪು ಲೆಕ್ಕ

ತಂತ್ರಾಂಶ ವಿಭಾಗಗಳಲ್ಲಿ ದುಡಿಯುವವರ ದೂರುಗಳಲ್ಲಿ ಒಂದು ಬಹಳ ಹಳೆಯದು. ಮೇಲಧಿಕಾರಿಗಳು ಅಸಾಧ್ಯವಾದ ಗಡುವನ್ನು ನಿಗದಿಪಡಿಸುತ್ತಾರೆ. ಕೆಲಸ ತಡವಾದಾಗ ಇನ್ನಷ್ಟು ಜನರನ್ನು ಸೇರಿಸುತ್ತಾರೆ. ಆಗ ಅದು ಮತ್ತಷ್ಟು ತಡವಾಗುತ್ತದೆ. ಇದರ ಕಾರಣವನ್ನು ಬಿಡಿಸಿ ಹೇಳಿದವರು ಸ್ವತಃ ಒಬ್ಬ ಮೇಲಧಿಕಾರಿ ಎಂಬುದು ಗಮನಾರ್ಹ.

ಅಮೆರಿಕದ ಐಬಿಎಂ ಸಂಸ್ಥೆಯು 1964ರಲ್ಲಿ ಸಿಸ್ಟಮ್/360 ಎಂಬ ಗಣಕಯಂತ್ರಗಳ ಸರಣಿಯನ್ನು ಪ್ರಕಟಿಸಿತು. ಅವುಗಳನ್ನು ನಡೆಸುವ ತಂತ್ರಾಂಶದ ನಿರ್ಮಾಣಕ್ಕೆ ಫ್ರೆಡರಿಕ್ ಬ್ರೂಕ್ಸ್ ಮುಖ್ಯಸ್ಥರಾಗಿದ್ದರು. ಆ ಕೆಲಸ ತಡವಾಯಿತು. ವೆಚ್ಚವೂ ಅಂದಾಜನ್ನು ಮೀರಿತು. ಆ ಅನುಭವದಿಂದ ಅವರು 1975ರಲ್ಲಿ ‘ದಿ ಮಿಥಿಕಲ್ ಮ್ಯಾನ್-ಮಂತ್’ ಎಂಬ ಗ್ರಂಥವನ್ನು ಹೊರತಂದರು.

ಒಬ್ಬ ವ್ಯಕ್ತಿಯ ಒಂದು ತಿಂಗಳ ದುಡಿಮೆಯೇ ‘ಆಳು-ತಿಂಗಳು’. ಹೊಲದಲ್ಲಿ ಕಳೆ ಕೀಳುವಾಗ ಈ ಲೆಕ್ಕ ಸರಿ. ಒಬ್ಬರ ಸಾಲಿಗೂ ಇನ್ನೊಬ್ಬರ ಸಾಲಿಗೂ ಅವಲಂಬನೆಯಿಲ್ಲ. ತಂತ್ರಾಂಶದಲ್ಲಾದರೋ ಒಬ್ಬರು ಬರೆದುದರ ಮೇಲೆ ಮತ್ತೊಬ್ಬರ ಬರಹ ನಿಂತಿರುತ್ತದೆ. ಹೊಸಬರಿಗೆ ಕೆಲಸ ಕಲಿಸಲು ಹಳಬರು ತಮ್ಮ ಕೆಲಸವನ್ನು ನಿಲ್ಲಿಸಬೇಕಾಗುತ್ತದೆ. ಪರಸ್ಪರ ಮಾತುಕತೆಯ ಹೊರೆಯೂ ಬೆಳೆಯುತ್ತದೆ: ಐವರ ನಡುವೆ 10 ಜೋಡಿಗಳಾದರೆ, ಹತ್ತು ಜನರ ನಡುವೆ 45, ಐವತ್ತು ಜನರ ನಡುವೆ 1,225. ಹತ್ತು ಜನ ಸೇರಿದರೆ ಹಾವು ಸಾಯದು ಎಂಬ ಗಾದೆಗೆ ಇಲ್ಲಿ ಗಣಿತದ ಆಧಾರವೇ ಇದೆ.

ಬ್ರೂಕ್ಸ್ ಕಾಲವನ್ನು ಹಂಚಿದ ಕ್ರಮವೂ ವಿಚಾರಾರ್ಹ. ಯೋಜನೆಗೆ ಮೂರರಲ್ಲಿ ಒಂದು ಪಾಲು, ಸಂಕೇತ ಬರೆಯಲು ಆರರಲ್ಲಿ ಒಂದು ಪಾಲು. ಉಳಿದ ಅರ್ಧ ಭಾಗವೆಲ್ಲ ಪರೀಕ್ಷೆಗೆ. ಗಡುವು ಸಮೀಪಿಸಿದಾಗ ಅವಿವೇಕದ ಆಡಳಿತ ಮೊದಲು ಮೊಟಕುಗೊಳಿಸುವುದು ಈ ಅರ್ಧವನ್ನೇ. ಆಗ ದೋಷಗಳು ಬಳಕೆದಾರರ ಕೈಯಲ್ಲಿ ಬಯಲಾಗುತ್ತವೆ. ನಿದ್ದೆಗೆಟ್ಟು ದುಡಿದ ಕಿರಿಯ ನೌಕರನೇ ಅವುಗಳಿಗೆ ಉತ್ತರ ಹೇಳಬೇಕಾಗುತ್ತದೆ. ಲೆಕ್ಕ ತಪ್ಪಿದವರು ಒಬ್ಬರು, ದಂಡ ತೆರುವವರು ಇನ್ನೊಬ್ಬರು.

ಆದ್ದರಿಂದ ಕೆಟ್ಟ ಆಡಳಿತವೆಂದರೆ ಕೇವಲ ಗದರಿಕೆಯಲ್ಲ. ಮೃದುವಾಗಿ ಮಾತನಾಡುವ ಅಧಿಕಾರಿಯೂ ತಪ್ಪು ಲೆಕ್ಕದಿಂದ ತಂಡವನ್ನು ದಣಿಸಬಲ್ಲನು. ತಡವಾದ ಕೆಲಸಕ್ಕೆ ಹೊಸ ಗಡುವು ನೀಡುವುದು ಅಥವಾ ಕೆಲಸದ ವ್ಯಾಪ್ತಿಯನ್ನು ಕುಗ್ಗಿಸುವುದು ಪ್ರಾಮಾಣಿಕ ಮಾರ್ಗ. ಅದಕ್ಕೆ ‘ಇಷ್ಟು ಮುಗಿದಿದೆ, ಇಷ್ಟು ಉಳಿದಿದೆ’ ಎಂಬ ಸ್ಪಷ್ಟ ಬರಹ ಕೆಳಗಿನಿಂದ ಬರಬೇಕು. ಅದನ್ನು ಓದಿ ಒಪ್ಪುವ ಧೈರ್ಯ ಮೇಲಿನವರಿಗಿರಬೇಕು. ಹೊಸೂರಿನ ಗಡಿ ದಾಟಿ ಬೆಂಗಳೂರಿನ ಕಚೇರಿಗಳಿಗೆ ಉದ್ಯೋಗ ಅರಸಿ ಹೋಗುವ ಪದವೀಧರರಿಗೂ ಈ ಅರಿವು ಅಗತ್ಯ. ಕೆಲಸ ತಡವಾದುದೆಲ್ಲ ದುಡಿಯುವವನ ಅಸಾಮರ್ಥ್ಯವಲ್ಲ.