ತಮಟೆ, ಬುಗುರಿ, ಗಝಲ್: ನಾಲ್ಕು ತಾಲ್ಲೂಕುಗಳ ಪ್ರತಿಭಾ ಕಾರಂಜಿ

ಪಠ್ಯಪುಸ್ತಕದ ಆಚೆಗೆ ಕಲೆ, ಮಾತು ಮತ್ತು ಕೈಕೆಲಸಗಳಲ್ಲಿ ಶಾಲಾ ವಿದ್ಯಾರ್ಥಿಗಳು ತೋರುವ ಸಾಮರ್ಥ್ಯವನ್ನು ಪ್ರತಿವರ್ಷವೂ ಹಂತಹಂತವಾಗಿ ಗುರುತಿಸಿ ಪುರಸ್ಕರಿಸಲು ಕರ್ನಾಟಕದ ಶಿಕ್ಷಣ ಇಲಾಖೆಯು ಈ ಶತಮಾನದ ಮೊದಲ ವರ್ಷಗಳಲ್ಲಿ ರೂಪಿಸಿದ ಸ್ಪರ್ಧಾವ್ಯವಸ್ಥೆಗೆ ಪ್ರತಿಭಾ ಕಾರಂಜಿ ಎಂದು ಹೆಸರು. ರಾಜ್ಯದ ಎಲ್ಲ ಜಿಲ್ಲೆಗಳಲ್ಲಿಯೂ ಒಂದೇ ನಿಯಮದಂತೆ ನಡೆಯುವ ಈ ಕಾರ್ಯಕ್ರಮವು ಆಯಾ ಸೀಮೆಯ ಕಲೆ, ಕಸುಬು ಮತ್ತು ಭಾಷೆಗಳನ್ನು ಹೀರಿಕೊಂಡು ಬೇರೆಬೇರೆ ಬಣ್ಣ ತಳೆಯುತ್ತದೆ. ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳ ಪ್ರೌಢಶಾಲೆಗಳಲ್ಲಿ ಅದು ತಳೆದಿರುವ ಬಣ್ಣವು ಪ್ರತ್ಯೇಕವಾಗಿ ಪರಿಚಯಿಸಲು ತಕ್ಕದ್ದಾಗಿದೆ. 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು ರಾಮನಗರ ಜಿಲ್ಲೆಯಾದ, 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಮರುನಾಮಕರಣಗೊಂಡ ಈ ಭಾಗದಲ್ಲಿ ಜಾತ್ರೆಯ ಕುಣಿತ, ಮರದ ಆಟಿಕೆ, ರೇಷ್ಮೆಗೂಡಿನ ವ್ಯಾಪಾರ, ಕನ್ನಡ ಮತ್ತು ಉರ್ದು ನುಡಿಗಳು ಒಂದು ಗಂಟೆಯ ಬಸ್ ಪ್ರಯಾಣದ ಅಂತರದಲ್ಲಿ ಒಟ್ಟಿಗೆ ಬದುಕಿವೆ.

ವ್ಯವಸ್ಥೆಯ ಕ್ರಮವನ್ನು ಮೊದಲು ತಿಳಿಯುವುದು ಒಳ್ಳೆಯದು. ಶಾಲೆಯೊಳಗಿನ ಆಯ್ಕೆಯ ನಂತರ ಮಕ್ಕಳು ಕ್ಲಸ್ಟರ್ ಹಂತಕ್ಕೆ ಹೋಗುತ್ತಾರೆ. ಒಂದು ಕೇಂದ್ರದ ಸುತ್ತಲಿನ ಕೆಲವು ಶಾಲೆಗಳ ಗುಂಪಿಗೆ ಕ್ಲಸ್ಟರ್ ಎನ್ನುತ್ತಾರೆ, ಅದರ ಉಸ್ತುವಾರಿ ಹೊತ್ತ ಸಂಪನ್ಮೂಲ ವ್ಯಕ್ತಿಯನ್ನು ಶಿಕ್ಷಕರು ಸಿಆರ್‌ಪಿ ಎಂದು ಕರೆಯುತ್ತಾರೆ. ಅಲ್ಲಿ ಗೆದ್ದವರು ಕ್ಷೇತ್ರ ಶಿಕ್ಷಣಾಧಿಕಾರಿಗಳು ನಡೆಸುವ ತಾಲ್ಲೂಕು ಹಂತಕ್ಕೂ, ಅಲ್ಲಿಂದ ಜಿಲ್ಲಾ ಹಂತಕ್ಕೂ, ಕೊನೆಗೆ ರಾಜ್ಯ ಹಂತಕ್ಕೂ ಏರುತ್ತಾರೆ. ಭಾಷಣ, ಚರ್ಚೆ, ಆಶುಭಾಷಣ, ಭಾವಗೀತೆ, ಜನಪದ ಗೀತೆ, ರಂಗೋಲಿ, ಚಿತ್ರಕಲೆ, ಮಿಮಿಕ್ರಿ, ಛದ್ಮವೇಷ, ಗಝಲ್ ಮೊದಲಾದವು ಪ್ರೌಢಶಾಲಾ ವಿಭಾಗದಲ್ಲಿ ಒಬ್ಬೊಬ್ಬರೇ ಭಾಗವಹಿಸುವ ಸ್ಪರ್ಧೆಗಳು. ಜಾನಪದ ನೃತ್ಯ, ರಸಪ್ರಶ್ನೆ ಮತ್ತು ಕವ್ವಾಲಿ ಸಾಮೂಹಿಕ ಸ್ಪರ್ಧೆಗಳು. ವಿಷಯವನ್ನು ಆ ಕ್ಷಣದಲ್ಲೇ ಚೀಟಿ ಎತ್ತಿ ತಿಳಿದುಕೊಂಡು, ಕೆಲವೇ ನಿಮಿಷಗಳಲ್ಲಿ ಮಾತು ಕಟ್ಟಬೇಕಾದ ಆಶುಭಾಷಣವು ಇವುಗಳಲ್ಲಿ ಅತ್ಯಂತ ಕಠಿಣವಾದುದು ಎಂಬುದು ತೀರ್ಪುಗಾರರಾಗಿ ಕುಳಿತ ಅನೇಕ ಶಿಕ್ಷಕರ ಅಭಿಪ್ರಾಯ.

ಪ್ರೌಢಶಾಲೆಯ ಸಾಧನೆ ಎಂದೊಡನೆ ಸಾರ್ವಜನಿಕರ ಮನಸ್ಸಿಗೆ ಬರುವುದು ಎಸ್ಸೆಸ್ಸೆಲ್ಸಿ ಫಲಿತಾಂಶವೇ ಎಂಬುದನ್ನು ಅಲ್ಲಗಳೆಯಲಾಗದು. ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ತಲಾ 100 ಅಂಕಗಳಂತೆ ಒಟ್ಟು 625 ಅಂಕಗಳ ಈ ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದವರ ಭಾವಚಿತ್ರಗಳು ಬಸ್ ನಿಲ್ದಾಣದ ಬಳಿ ಫ್ಲೆಕ್ಸ್‌ಗಳಲ್ಲಿ ಕಾಣಿಸಿಕೊಳ್ಳುತ್ತವೆ. ಸಂಘಸಂಸ್ಥೆಗಳು ಪ್ರತಿಭಾ ಪುರಸ್ಕಾರದ ಹೆಸರಿನಲ್ಲಿ ಶಾಲು, ಹಾರ, ಫಲಕಗಳನ್ನು ಕೊಟ್ಟು ಗೌರವಿಸುತ್ತವೆ. ಹಳ್ಳಿಯ ಸರ್ಕಾರಿ ಪ್ರೌಢಶಾಲೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆಲಸದ ನಡುವೆಯೇ ಓದಿ ಪಡೆದ ಅಂಕಗಳು ಅಂಥ ಗೌರವಕ್ಕೆ ಪೂರ್ಣವಾಗಿ ಅರ್ಹವಾದವು. ಆದರೆ ಅಂಕಪಟ್ಟಿಯಲ್ಲಿ ಕಾಣಿಸದ ಸಾಮರ್ಥ್ಯವುಳ್ಳ ಮಗುವಿನ ಹೆಸರನ್ನು ಧ್ವನಿವರ್ಧಕದಲ್ಲಿ ಕೂಗಿ ಕರೆಯುವ ಸಂದರ್ಭಗಳು ಶಾಲಾ ವರ್ಷದಲ್ಲಿ ಬಹಳ ಕಡಿಮೆ, ಅವುಗಳಲ್ಲಿ ಪ್ರತಿಭಾ ಕಾರಂಜಿಯೇ ಮುಖ್ಯವಾದುದು.

ಈ ನಾಲ್ಕು ತಾಲ್ಲೂಕುಗಳ ಮಟ್ಟಿಗೆ ಅದರ ತಿರುಳಿರುವುದು ಜಾನಪದ ನೃತ್ಯದ ಸ್ಪರ್ಧೆಯಲ್ಲಿ. ಬೆಂಗಳೂರು, ರಾಮನಗರ, ಮಂಡ್ಯ ಸೀಮೆಯ ಶಕ್ತಿದೇವತೆಗಳ ಆರಾಧನೆಗೆ ಸೇರಿದ ಪೂಜಾಕುಣಿತವು ಇಲ್ಲಿಯ ಜಾತ್ರೆಗಳ ಜೀವಾಳ. ಬಿದಿರಿನ ಚೌಕಟ್ಟಿನ ನಡುವೆ ದೇವಿಯ ಮುಖವಾಡವನ್ನಿಟ್ಟು, ಸುತ್ತಲೂ ಜರಿಸೀರೆಗಳನ್ನು ನೆರಿಗೆ ಹಿಡಿದು ಕಟ್ಟಿದ ಎತ್ತರದ ರಚನೆಗೆ ‘ಪೂಜೆ’ ಎನ್ನುತ್ತಾರೆ; ಅದನ್ನು ತಲೆಯ ಮೇಲೆ ಹೊತ್ತು, ಕೈ ಆಸರೆಯನ್ನು ಬಿಟ್ಟು, ತಮಟೆಯ ಗತ್ತಿಗೆ ಸರಿಯಾಗಿ ಹೆಜ್ಜೆ ಹಾಕುವುದೇ ಕುಣಿತ. ಇದನ್ನು ಕಲಿಯುವ ವಿದ್ಯಾರ್ಥಿಗೆ ಮೊದಲು ಬೇಕಾಗುವುದು ಕಾಲಿನ ಚಳಕಕ್ಕಿಂತ ಕತ್ತಿನ ಸ್ಥಿರತೆ. ನೋಟವನ್ನು ಎದುರಿಗೆ ನೆಟ್ಟು, ಸೊಂಟದ ಕೆಳಗಿನ ಭಾಗವನ್ನು ಮಾತ್ರ ಲಯಕ್ಕೆ ಬಿಟ್ಟುಕೊಡುವುದು ರೂಢಿಯಾದ ಮೇಲೆಯೇ ತಲೆಯ ಮೇಲಿನ ಭಾರವನ್ನು ಹೆಚ್ಚಿಸುತ್ತಾ ಹೋಗಬಹುದು. ಊರಹಬ್ಬದಲ್ಲಿ ಗಂಡಸರೇ ಹೊರುತ್ತಿದ್ದ ಪೂಜೆಯನ್ನು ಶಾಲೆಯ ವೇದಿಕೆಯಲ್ಲಿ ಹುಡುಗಿಯರೂ ಹೊರುವಂತಾಗಿರುವುದು ಸಣ್ಣ ಬದಲಾವಣೆಯಲ್ಲ.

ಕೋಲಾಟದ ಒಂದು ಬಗೆಯಾದ ಜಡೆ ಕೋಲಾಟವೂ ಶಾಲಾ ತಂಡಗಳಿಗೆ ಪ್ರಿಯವಾದುದು. ಮೇಲಿನಿಂದ ಇಳಿಬಿಟ್ಟ ಹಲವು ಬಣ್ಣದ ಹಗ್ಗ ಅಥವಾ ಬಟ್ಟೆಯ ಎಳೆಗಳಲ್ಲಿ ಒಂದೊಂದನ್ನು ಒಬ್ಬೊಬ್ಬರು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯ ಕೋಲನ್ನು ಎದುರಿನವರ ಕೋಲಿಗೆ ತಾಕಿಸುತ್ತಾ, ಒಬ್ಬರ ಒಳಗಿಂದ ಇನ್ನೊಬ್ಬರ ಹೊರಗಿಂದ ನುಸುಳಿ ಸುತ್ತುವಾಗ ಎಳೆಗಳು ಮೇಲಿನಿಂದ ಕೆಳಕ್ಕೆ ಜಡೆಯಾಗಿ ಹೆಣೆದುಕೊಳ್ಳುತ್ತವೆ. ಅದೇ ಹೆಜ್ಜೆಗಳನ್ನು ಹಿಂದುಮುಂದಾಗಿ ಹಾಕಿದಾಗ ಜಡೆ ಬಿಚ್ಚಿಕೊಳ್ಳುತ್ತದೆ. ಹೆಣೆಯುವಾಗ ಒಬ್ಬರು ಒಂದೇ ಒಂದು ಸುತ್ತು ತಪ್ಪಿದರೂ ಬಿಚ್ಚುವಾಗ ಗಂಟು ಬಿದ್ದು ಇಡೀ ತಂಡವೇ ನಿಲ್ಲಬೇಕಾಗುವುದರಿಂದ, ಇಲ್ಲಿ ಒಬ್ಬರ ಜಾಣ್ಮೆಗೆ ಬೇರೆಯಾದ ಬೆಲೆಯಿಲ್ಲ. ತೀರ್ಪುಗಾರರು ವೇಷಭೂಷಣದ ಹೊಳಪಿಗಿಂತ ಈ ಬಿಚ್ಚುವ ಭಾಗವನ್ನು ಗಮನಿಸಿ ಅಂಕ ಕೊಡಬೇಕು.

ಈ ಕುಣಿತಗಳಿಗೆಲ್ಲ ಆಧಾರವಾದ ತಮಟೆಯ ವಿಷಯದಲ್ಲಿ ಶಾಲೆಯು ಮಾಡಿರುವ ಕೆಲಸವನ್ನು ವಿಶೇಷವಾಗಿ ಹೇಳಬೇಕು. ಚರ್ಮದ ತಮಟೆಯನ್ನು ಬಾರಿಸುವ ಮೊದಲು ಹುಲ್ಲಿನ ಅಥವಾ ಕಾಗದದ ಬೆಂಕಿಗೆ ಹಿಡಿದು ಕಾಯಿಸಿ ಬಿಗಿ ಮಾಡುವುದು ರೂಢಿ. ಈಗ ಶಾಲೆಗಳಲ್ಲಿ ಕಾಯಿಸುವ ಅಗತ್ಯವಿಲ್ಲದ ಫೈಬರ್ ತಮಟೆಗಳೂ ಬಳಕೆಗೆ ಬಂದಿವೆ. ವಾದ್ಯ ಯಾವುದೇ ಇರಲಿ, ಹಿಂದೆ ತಮಟೆ ಬಾರಿಸುವುದನ್ನು ದಲಿತ ಕೇರಿಯವರ ಕೆಲಸವೆಂದು ಬೇರೆಯಾಗಿಟ್ಟಿದ್ದ, ಅವರಿಂದ ಸೇವೆ ಪಡೆದೂ ಅವರನ್ನು ದೂರ ನಿಲ್ಲಿಸಿದ್ದ ಸಮಾಜದ ಎಲ್ಲ ಜಾತಿಯ ಮಕ್ಕಳೂ ಒಂದೇ ಸಾಲಿನಲ್ಲಿ ನಿಂತು ಅದನ್ನು ಹೆಮ್ಮೆಯಿಂದ ಕೊರಳಿಗೆ ಹಾಕಿಕೊಳ್ಳುತ್ತಿರುವುದು ಶಾಲೆಯ ಅಂಗಳದಲ್ಲಿ ಸಾಧ್ಯವಾಗಿದೆ. ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ 1954ರಲ್ಲಿ ಹುಟ್ಟಿದ ಕವಿ ಸಿದ್ಧಲಿಂಗಯ್ಯನವರು ‘ಊರುಕೇರಿ’ ಎಂಬ ಆತ್ಮಕಥನದಲ್ಲಿ ಊರು ಮತ್ತು ಕೇರಿಗಳ ನಡುವಿನ ಈ ಅಂತರವನ್ನೇ ದಾಖಲಿಸಿದರು, ಗ್ರಾಮದೇವತೆಗಳನ್ನು ಕುರಿತು ಸಂಶೋಧನೆಯನ್ನೂ ನಡೆಸಿದರು. ಅವರ ತಾಲ್ಲೂಕಿನ ಮಕ್ಕಳು ಗ್ರಾಮದೇವತೆಯ ಕುಣಿತವನ್ನು ಶಾಲೆಯ ಸಾಧನೆಯಾಗಿ ಪ್ರದರ್ಶಿಸುವಾಗ, ಆ ವಾದ್ಯದ ಹಿಂದಿನ ಜನರ ಚರಿತ್ರೆಯನ್ನೂ ಶಿಕ್ಷಕರು ತಿಳಿಸಿಕೊಡುವುದು ಆ ಕಲಿಕೆಯ ಅವಿಭಾಜ್ಯ ಅಂಗವಾಗಬೇಕು. ಗತ್ತನ್ನು ಮಾತ್ರ ಕಲಿಸಿ ಗತ್ತು ಕೊಟ್ಟವರನ್ನು ಮರೆಸುವುದು ಅನ್ಯಾಯ.

ಇಂಥ ತಿಳಿವಳಿಕೆಗೆ ಜಿಲ್ಲೆಯಲ್ಲಿಯೇ ಒಂದು ದೊಡ್ಡ ಆಸರೆಯಿದೆ. ಆಡಳಿತಾಧಿಕಾರಿಯೂ ಜಾನಪದ ಸಂಗ್ರಾಹಕರೂ ಆಗಿದ್ದ ಎಚ್.ಎಲ್. ನಾಗೇಗೌಡರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಸ್ಥಾಪಿಸಿ, ಅದರ ಆಶ್ರಯದಲ್ಲಿ ರಾಮನಗರ ಮತ್ತು ಚನ್ನಪಟ್ಟಣಗಳ ನಡುವೆ ಹೆದ್ದಾರಿಯ ಪಕ್ಕದಲ್ಲಿ ಜಾನಪದ ಲೋಕವನ್ನು ಕಟ್ಟಿದರು; 1994ರಲ್ಲಿ ಉದ್ಘಾಟನೆಗೊಂಡ ಈ ತಾಣದ ಲೋಕಮಾತಾ ಮಂದಿರ, ಚಿತ್ರಕುಟೀರ, ಲೋಕಮಹಲ್ ಮತ್ತು ಆಯಗಾರರ ಮಾಳಗಳಲ್ಲಿ ಅಡುಗೆ, ಬೇಸಾಯ, ಕಸುಬು, ಕುಣಿತ, ಬೊಂಬೆಯಾಟಗಳಿಗೆ ಸಂಬಂಧಿಸಿದ ಸಾವಿರಾರು ವಸ್ತುಗಳನ್ನು ಜೋಡಿಸಿಡಲಾಗಿದೆ. ಹಳ್ಳಿಗೆ ಬೇಕಾದ ಕೆಲಸಗಳನ್ನು ಮಾಡಿಕೊಟ್ಟು ಪ್ರತಿಯಾಗಿ ಕಾಳುಕಡ್ಡಿಯ ಪಾಲನ್ನು ಪಡೆಯುತ್ತಿದ್ದ ಕುಂಬಾರ, ಕಮ್ಮಾರ, ಬಡಗಿ ಮೊದಲಾದವರಿಗೆ ಆಯಗಾರರೆಂದು ಹೆಸರು. ಶಾಲಾ ಪ್ರವಾಸದ ಬಸ್ಸುಗಳು ಇಲ್ಲಿಗೆ ದೂರದ ಜಿಲ್ಲೆಗಳಿಂದಲೂ ಬರುತ್ತವೆ. ಹತ್ತಿರದ ಪ್ರೌಢಶಾಲೆಗಳು ಮಾತ್ರ ಇದನ್ನು ಒಂದು ದಿನದ ಪ್ರವಾಸದ ಜಾಗವೆಂದು ಮುಗಿಸಿಬಿಡದೆ, ಜನಪದ ಗೀತೆ ಮತ್ತು ನೃತ್ಯಗಳ ತಯಾರಿಗೆ ಮತ್ತೆಮತ್ತೆ ಹೋಗಬಹುದಾದ ಪಾಠಶಾಲೆಯೆಂದು ಬಳಸಿಕೊಳ್ಳಬೇಕು. ಯೂಟ್ಯೂಬಿನಲ್ಲಿ ನೋಡಿ ಕಲಿತ ಕುಣಿತಕ್ಕೂ, ಕುಣಿತದ ಪರಿಕರವನ್ನು ಕೈಯಾರೆ ಮುಟ್ಟಿ, ಕಲಾವಿದರಿಂದ ನೇರವಾಗಿ ತಿದ್ದಿಸಿಕೊಂಡು ಕಲಿತ ಕುಣಿತಕ್ಕೂ ಇರುವ ವ್ಯತ್ಯಾಸವು ಮೊದಲ ಹೆಜ್ಜೆಯಲ್ಲಿಯೇ ತಿಳಿಯುತ್ತದೆ.

ಗಝಲ್ ಮತ್ತು ಕವ್ವಾಲಿ ಸ್ಪರ್ಧೆಗಳು ರಾಜ್ಯದ ಹಲವು ತಾಲ್ಲೂಕುಗಳಲ್ಲಿ ಪಟ್ಟಿಯ ಕೊನೆಯ ಹೆಸರುಗಳಾಗಿ ಉಳಿದರೂ, ರಾಮನಗರ ಮತ್ತು ಚನ್ನಪಟ್ಟಣ ಪಟ್ಟಣಗಳಲ್ಲಿ ಅವುಗಳಿಗೆ ನಿಜವಾದ ನೆಲೆಯಿದೆ. ಉರ್ದು ಶಾಲೆಗಳಿರುವ ಈ ಪಟ್ಟಣಗಳಲ್ಲಿ, ರೇಷ್ಮೆಗೂಡನ್ನು ಕುದಿನೀರಿನಲ್ಲಿ ಬೇಯಿಸಿ ನೂಲು ಬಿಚ್ಚುವ ರೀಲರುಗಳ ಮತ್ತು ಕಾರ್ಮಿಕರ ಮನೆಗಳ ಮಕ್ಕಳು ತಮ್ಮ ಮನೆಯ ಭಾಷೆಯಲ್ಲಿಯೇ ಹಾಡಿ ಬಹುಮಾನ ಪಡೆಯಲು ಅವಕಾಶವಿರುವುದು ಪ್ರತಿಭಾ ಕಾರಂಜಿಯ ನಿಯಮಾವಳಿಯ ಬಹು ಉದಾರವಾದ ಭಾಗ. ಕವ್ವಾಲಿಯಲ್ಲಿ ಮುಖ್ಯ ಹಾಡುಗಾರನು ಎತ್ತಿದ ಸಾಲನ್ನು ಹಿಂದೆ ಕುಳಿತವರು ಚಪ್ಪಾಳೆಯ ಲಯದೊಂದಿಗೆ ಮರಳಿ ಹಿಡಿಯುತ್ತಾರೆ. ಸೋಬಾನೆ ಪದದಲ್ಲಿ ಒಬ್ಬರು ಹೇಳಿಕೊಟ್ಟ ಸೊಲ್ಲನ್ನು ಉಳಿದವರು ಎತ್ತಿಕೊಳ್ಳುವ ಕ್ರಮವೂ ಇದಕ್ಕೆ ಹತ್ತಿರವಾದುದು. ಒಂದೇ ವೇದಿಕೆಯಲ್ಲಿ ಒಂದರ ನಂತರ ಒಂದನ್ನು ಕೇಳುವ ಮಕ್ಕಳಿಗೆ ಈ ಸಾಮ್ಯವು ಯಾರೂ ವಿವರಿಸದೆಯೇ ಗೊತ್ತಾಗುತ್ತದೆ.

ಚನ್ನಪಟ್ಟಣದ ಹೆಸರನ್ನು ಹೊರಜಗತ್ತಿಗೆ ಒಯ್ದ ಮರದ ಆಟಿಕೆಗೂ ಈಗ ವಿದ್ಯಾರ್ಥಿ ಸಾಧನೆಯ ಪಟ್ಟಿಯಲ್ಲಿ ಜಾಗ ದೊರೆತಿದೆ. ಕೇಂದ್ರ ಸರ್ಕಾರವು 2015ರಲ್ಲಿ ಆರಂಭಿಸಿದ ರಾಷ್ಟ್ರಮಟ್ಟದ ಕಲಾ ಉತ್ಸವವು ಒಂಬತ್ತರಿಂದ ಹನ್ನೆರಡನೆಯ ತರಗತಿಯವರಿಗೆ ಮೀಸಲಾಗಿದ್ದು, ರಾಜ್ಯದಲ್ಲಿ ಅದು ಪ್ರತಿಭಾ ಕಾರಂಜಿಯ ಜೊತೆಯಲ್ಲಿಯೇ ಕಲೋತ್ಸವವೆಂಬ ಹೆಸರಿನಲ್ಲಿ ನಡೆಯುತ್ತದೆ. 2020ರಲ್ಲಿ ದೇಶೀಯ ಆಟಿಕೆ ಮತ್ತು ಆಟಗಳು ಎಂಬ ಸ್ಪರ್ಧೆಯನ್ನು ಅದಕ್ಕೆ ಸೇರಿಸಲಾಯಿತು. ಚನ್ನಪಟ್ಟಣದ ಆಟಿಕೆಯನ್ನು ಮಾಡುವಾಗ ಆಲೆ ಮರದ, ಅಂದರೆ ಹಾಲೆ ಮರದ, ಒಣಗಿಸಿದ ತುಂಡನ್ನು ಲೇತ್ ಯಂತ್ರಕ್ಕೆ ಸಿಕ್ಕಿಸಿ ತಿರುಗಿಸುತ್ತಾ ಉಳಿಯಿಂದ ಆಕಾರಕ್ಕೆ ತಂದ ಮೇಲೆ, ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿಯುತ್ತಾರೆ. ಉಜ್ಜಾಟದ ಬಿಸಿಗೆ ಅರಗು ಕರಗಿ ಮೈಗೆ ಅಂಟಿಕೊಳ್ಳುತ್ತದೆ, ಅನಂತರ ತಾಳೆಗರಿಯಿಂದ ಉಜ್ಜಿದಾಗ ಹೊಳಪು ಬರುತ್ತದೆ. ಬಣ್ಣ ಬಳಿಯುವ ಕುಂಚವಾಗಲಿ, ಒಣಗಲು ಕಾಯುವ ಹೊತ್ತಾಗಲಿ ಇದಕ್ಕೆ ಬೇಡ. ಒತ್ತಡ ಹೆಚ್ಚಾದರೆ ಅರಗು ಗುಪ್ಪೆಯಾಗುತ್ತದೆ, ಕಡಿಮೆಯಾದರೆ ಮರದ ಬಿಳುಪು ಇಣುಕುತ್ತದೆ. ಬುಗುರಿಯೊಂದನ್ನು ಹೀಗೆ ಮಾಡಿಸುವ ಶಿಕ್ಷಕರು ಘರ್ಷಣೆ, ದ್ರವೀಕರಣ, ಸಮತೋಲನಗಳೆಂಬ ವಿಜ್ಞಾನದ ಮೂರು ಪಾಠಗಳನ್ನು ಒಂದೇ ಕೆಲಸದಲ್ಲಿ ಮುಗಿಸಬಲ್ಲರು. ಭೌಗೋಳಿಕ ಗುರುತನ್ನು, ಅಂದರೆ ನಿರ್ದಿಷ್ಟ ಸ್ಥಳದಲ್ಲಿ ತಯಾರಾದ ವಸ್ತುವಿಗೆ ಮಾತ್ರ ಆ ಹೆಸರಿನ ಹಕ್ಕನ್ನು ಕೊಡುವ ಕಾನೂನಿನ ರಕ್ಷಣೆಯನ್ನು, ಪಡೆದಿರುವ ಈ ಕಸುಬಿಗೆ ಈಗ ಬೇಕಾಗಿರುವುದು ಮುಂದಿನ ತಲೆಮಾರಿನ ಕೈಗಳು. ಅವುಗಳನ್ನು ಹುಡುಕಲು ಪ್ರೌಢಶಾಲೆಗಿಂತ ಒಳ್ಳೆಯ ಜಾಗವಿಲ್ಲ.

ಉಳಿದ ಸಾಧನೆಯ ದಾರಿಗಳನ್ನು ಇಲ್ಲಿ ಸಂಕ್ಷೇಪವಾಗಿ ಹೇಳಬಹುದು. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಇನ್‌ಸ್ಪೈರ್ ಮಾನಕ್ ಯೋಜನೆಯಲ್ಲಿ ಆಯ್ಕೆಯಾದ ವಿದ್ಯಾರ್ಥಿಗೆ ತನ್ನ ಹೊಸ ಆಲೋಚನೆಯನ್ನು ಮಾದರಿಯಾಗಿ ರೂಪಿಸಲು 10,000 ರೂಪಾಯಿ ದೊರೆಯುತ್ತದೆ. ಎಂಟನೆಯ ತರಗತಿಯಲ್ಲಿ ಬರೆಯುವ ಎನ್‌ಎಂಎಂಎಸ್ ಪರೀಕ್ಷೆಯಲ್ಲಿ ಆಯ್ಕೆಯಾದ, ಆರ್ಥಿಕವಾಗಿ ಹಿಂದುಳಿದ ಕುಟುಂಬದ ಮಕ್ಕಳಿಗೆ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ ಸಿಗುತ್ತದೆ. ಕಬಡ್ಡಿ, ಖೊಖೊ, ವಾಲಿಬಾಲ್, ಥ್ರೋಬಾಲ್ ಮತ್ತು ಓಟಗಳ ಕ್ರೀಡಾಕೂಟಗಳು ಹೋಬಳಿಯಿಂದ ಆರಂಭವಾಗಿ ರಾಜ್ಯ ಹಂತದವರೆಗೆ ಸಾಗುತ್ತವೆ.

ನಾಲ್ಕು ತಾಲ್ಲೂಕುಗಳಲ್ಲಿ ಹಳ್ಳಿಗಾಡಿನ ಪ್ರೌಢಶಿಕ್ಷಣಕ್ಕೆ ಖಾಸಗಿ ಪ್ರಯತ್ನದ ಬಲವೂ ಇದೆ. ಸ್ವಾತಂತ್ರ್ಯ ಹೋರಾಟಗಾರರಾದ ಎಸ್. ಕರಿಯಪ್ಪನವರು ಕನಕಪುರದಲ್ಲಿ ಕಟ್ಟಿದ ರೂರಲ್ ಎಜುಕೇಶನ್ ಸೊಸೈಟಿಯು ಇದಕ್ಕೆ ಹಿರಿಯ ಉದಾಹರಣೆ. ಚನ್ನಪಟ್ಟಣ ತಾಲ್ಲೂಕಿನ ಚಕ್ಕೆರೆಯಂಥ ಹಳ್ಳಿಯಿಂದ ಹೊರಟು ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾದ ದೇ. ಜವರೇಗೌಡರ ಜೀವನವೂ ಇಲ್ಲಿಯ ಶಾಲೆಗಳಲ್ಲಿ ಹೇಳತಕ್ಕ ಕಥೆಯೇ.

ಪ್ರತಿಭಾ ಕಾರಂಜಿಯ ಸಂಭ್ರಮದ ಬಗ್ಗೆ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ಪತ್ರಿಕೆಯಲ್ಲಿ ಭಾವಚಿತ್ರ ಬರುವುದು ಜಿಲ್ಲಾ ಹಂತದಲ್ಲಿ ಗೆದ್ದವರದು. ಆದರೆ ಅತ್ಯಧಿಕ ಸಂಖ್ಯೆಯ ಮಕ್ಕಳು ಮೊದಲ ಬಾರಿಗೆ ಮೈಕಿನ ಮುಂದೆ ನಿಲ್ಲುವುದು ಶಾಲೆ ಮತ್ತು ಕ್ಲಸ್ಟರ್ ಹಂತಗಳಲ್ಲಿ. ಮುಂದಿನ ಹಂತಕ್ಕೆ ಹೋಗುವವರು ಪ್ರಥಮ ಸ್ಥಾನ ಪಡೆದವರು ಮಾತ್ರವಾದುದರಿಂದ ಉಳಿದವರ ಪಾಲಿಗೆ ಆ ವರ್ಷದ ಮಟ್ಟಿಗೆ ಅದೇ ಮೊದಲ ಮತ್ತು ಕೊನೆಯ ವೇದಿಕೆ. ಆದ್ದರಿಂದ ಊರಿನ ಹಿರಿಯರು, ಶಾಲಾಭಿವೃದ್ಧಿ ಸಮಿತಿಯವರು, ಹಳೆಯ ವಿದ್ಯಾರ್ಥಿಗಳು ಕ್ಲಸ್ಟರ್ ದಿನವೇ ಬಂದು ಕುಳಿತು ನೋಡುವುದು, ಬಾಡಿಗೆಯ ವೇಷಭೂಷಣಕ್ಕೆ ಬಡ ಪೋಷಕರು ಸಾಲ ಮಾಡದಂತೆ ಶಾಲೆಯಲ್ಲಿಯೇ ಸೀರೆ, ಗೆಜ್ಜೆ, ಕೋಲು, ತಮಟೆಗಳ ಸಂಗ್ರಹವೊಂದನ್ನು ಮಾಡಿಕೊಡುವುದು, ಕುಣಿತ ಕಲಿಸಿದ ಊರಿನ ಕಲಾವಿದರನ್ನು ವಾರ್ಷಿಕೋತ್ಸವದ ವೇದಿಕೆಗೆ ಕರೆದು ಮಕ್ಕಳ ಜೊತೆಯಲ್ಲಿ ಗೌರವಿಸುವುದು, ಇವು ಮೂರೂ ಹೆಚ್ಚಿನ ಖರ್ಚಿಲ್ಲದೆ ಆಗುವ ಕೆಲಸಗಳು. ಛದ್ಮವೇಷಕ್ಕೆ ಸಾಲುಮರದ ತಿಮ್ಮಕ್ಕನ ವೇಷ ಧರಿಸುವ ಮಗುವನ್ನು ಒಮ್ಮೆ ಮಾಗಡಿ ತಾಲ್ಲೂಕಿನ ಹುಲಿಕಲ್–ಕುದೂರು ರಸ್ತೆಯ ಆಲದ ಮರಗಳ ಕೆಳಗೆ, ಕೆಂಪೇಗೌಡರ ವೇಷದವನನ್ನು ಅದೇ ತಾಲ್ಲೂಕಿನ ಕೆಂಪಾಪುರದ ಸಮಾಧಿಯ ಬಳಿಗೆ ಕರೆದೊಯ್ಯುವುದೂ ಅಷ್ಟೇ ಸುಲಭ.

ಪ್ರೌಢಶಾಲಾ ವಿಭಾಗವನ್ನು ಈಚಿನ ವರ್ಷಗಳಲ್ಲಿ ಹನ್ನೆರಡನೆಯ ತರಗತಿಯವರೆಗೆ ವಿಸ್ತರಿಸಿರುವುದರಿಂದ, ಹತ್ತನೆಯ ತರಗತಿಯ ಪರೀಕ್ಷೆಯೊಂದಿಗೆ ಗೆಜ್ಜೆ ಬಿಚ್ಚಿಡುತ್ತಿದ್ದ ವಿದ್ಯಾರ್ಥಿಗೆ ಪದವಿಪೂರ್ವ ಕಾಲೇಜಿನ ಎರಡು ವರ್ಷಗಳೂ ದೊರೆತಂತಾಗಿದೆ. ಪೂಜೆಯನ್ನು ಹೊತ್ತು ಲಯ ತಪ್ಪದೆ ತಿರುಗಲು, ಅರಗಿನ ಒತ್ತಡವನ್ನು ಕೈಗೆ ತಿಳಿಸಲು, ಗಝಲಿನ ಉಚ್ಚಾರವನ್ನು ತಿದ್ದಿಕೊಳ್ಳಲು ಒಂದು ಶೈಕ್ಷಣಿಕ ವರ್ಷ ಸಾಲದು. ಎಂಟನೆಯ ತರಗತಿಯಲ್ಲಿ ಕ್ಲಸ್ಟರ್ ವೇದಿಕೆಯಲ್ಲಿ ಸೋತ ಹುಡುಗ ಅಥವಾ ಹುಡುಗಿ ಹನ್ನೆರಡನೆಯ ತರಗತಿಯವರೆಗೆ ಇನ್ನೂ ನಾಲ್ಕು ಬಾರಿ ಅದೇ ಸ್ಪರ್ಧೆಗೆ ಹೆಸರು ಕೊಡಬಹುದು.