ಹಿಮಗುಳಿಗಳ ನಾಡಿನ ಎತ್ತರ ತಗ್ಗಿನ ನಕ್ಷೆ

ಉತ್ತರ ಅಮೆರಿಕದಲ್ಲಿ, ಕೆನಡಾದ ಆಲ್ಬರ್ಟಾ ಪ್ರಾಂತದಿಂದ ಸಂಯುಕ್ತ ಸಂಸ್ಥಾನದ ಅಯೋವಾದವರೆಗೆ ಹಬ್ಬಿರುವ ಹುಲ್ಲುಬಯಲಿನಲ್ಲಿ ಲಕ್ಷಾಂತರ ಸಣ್ಣ ಕೊಳಗಳೂ ಜೌಗುಗಳೂ ಇರುವುವು. ಇವು ಮನುಷ್ಯರು ಕಟ್ಟಿದ ಕೆರೆಗಳಲ್ಲ. ಸುಮಾರು 12,000 ವರ್ಷಗಳ ಹಿಂದೆ ಮಹಾಹಿಮರಾಶಿಯು ಹಿಂದೆ ಸರಿದಾಗ, ಮಣ್ಣಿನಲ್ಲಿ ಹುದುಗಿದ್ದ ಮಂಜಿನ ಗಡ್ಡೆಗಳು ಕರಗಿ ನೆಲವು ಕುಸಿದು ಈ ಗುಳಿಗಳು ಉಂಟಾದುವು. ಇವುಗಳಲ್ಲಿ ಅನೇಕಕ್ಕೆ ನೀರು ಹೊರಹೋಗುವ ಹಳ್ಳವೇ ಇಲ್ಲ.

ಬೇಸಾಯಗಾರರು ಕಾಲುವೆ ತೋಡಿ ಇಂತಹ ಜೌಗುಗಳನ್ನು ಬಸಿದು ಹೊಲಗಳನ್ನಾಗಿ ಮಾಡಿದರು. ಆದರೆ ಒಬ್ಬನ ಹೊಲದಿಂದ ಹೊರಟ ನೀರು ಮತ್ತೊಬ್ಬನ ಹೊಲವನ್ನು ಸೇರತಕ್ಕದ್ದೇ. ಅದು ಎಲ್ಲಿಗೆ ಹೋಗುವುದೆಂಬುದನ್ನು ತಿಳಿಯಲು ಎತ್ತರ ತಗ್ಗುಗಳ ನಕ್ಷೆಯು ಅವಶ್ಯಕ. ಇಂತಹ ನಕ್ಷೆಯಲ್ಲಿ ಒಂದೇ ಎತ್ತರದ ಸ್ಥಳಗಳನ್ನು ಕೂಡಿಸುವ ಸಮೋನ್ನತಿ ರೇಖೆಗಳಿರುವುವು. ಮುಚ್ಚಿದ ಗುಳಿಯನ್ನು ತೋರಿಸುವ ರೇಖೆಗೆ ಒಳಮುಖವಾಗಿ ಸಣ್ಣ ಗೀಟುಗಳನ್ನು ಹಾಕುವರು. ಆದರೆ ರೇಖೆಗಳ ಅಂತರವು 5 ಅಥವಾ 10 ಅಡಿಯಾದರೆ, 2 ಅಡಿ ಆಳದ ಜೌಗು ಅವುಗಳ ನಡುವೆ ಕಾಣದೆ ಹೋಗಬಹುದು. ಸಮತಟ್ಟಾದ ಆ ನಾಡಿನಲ್ಲಿ ಬೆಳೆಯ ಅಳಿವು ಉಳಿವುಗಳನ್ನು ನಿರ್ಣಯಿಸುವುದು ಆ 2 ಅಡಿಯೇ.

ಇದಕ್ಕೆ ಉತ್ತರ ಡಕೋಟಾದ ಡೆವಿಲ್ಸ್ ಸರೋವರವು ನಿದರ್ಶನ. 1993ರಿಂದ 2011ರವರೆಗೆ ಹೆಚ್ಚಿನ ಮಳೆಯಿಂದ ಅದರ ಮಟ್ಟವು ಸುಮಾರು 30 ಅಡಿ ಏರಿತು. ಸುಮಾರು 44,000 ಎಕರೆಯಿದ್ದ ನೀರಿನ ಹರವು 2 ಲಕ್ಷ ಎಕರೆಯನ್ನು ಮೀರಿ, ಹೊಲ, ಮನೆ, ರಸ್ತೆಗಳು ಮುಳುಗಿದುವು. 2011ರಲ್ಲಿ ನೀರು ಸಮುದ್ರಮಟ್ಟಕ್ಕಿಂತ 1,454 ಅಡಿ ಎತ್ತರದಲ್ಲಿದ್ದಿತು. ಟೋಲ್ನಾ ಎಂಬಲ್ಲಿಯ ಸ್ವಾಭಾವಿಕ ಕೋಡಿಯ ಎತ್ತರವು 1,458 ಅಡಿ. ಉಳಿದಿದ್ದ ಅಂತರವು 4 ಅಡಿ ಮಾತ್ರ! ಕೋಡಿಯು ಕೊರೆದುಹೋದರೆ ಕೆಳಗಿನ ಶಯೆನ್ ನದಿಯ ದಡದ ಊರುಗಳಿಗೆ ಅಪಾಯವಿದ್ದುದರಿಂದ, 2012ರಲ್ಲಿ ಅಲ್ಲಿ ನೀರನ್ನು ಹತೋಟಿಯಲ್ಲಿಡುವ ಕಟ್ಟೆಯನ್ನು ನಿರ್ಮಿಸಿದರು.

ಈಚೆಗೆ ವಿಮಾನದಿಂದ ಲೇಸರ್ ಬೆಳಕಿನ ಮಿಡಿತಗಳನ್ನು ನೆಲಕ್ಕೆ ಬಿಟ್ಟು, ಅವು ಹಿಂದಿರುಗುವ ಕಾಲವನ್ನು ಅಳೆದು ಎತ್ತರವನ್ನು ಕಂಡುಹಿಡಿಯುವರು. ಲೈಡಾರ್ ಎಂಬ ಈ ವಿಧಾನದಿಂದ ಬಯಲುನೆಲದ ಎತ್ತರವು ಕೆಲವೇ ಅಂಗುಲಗಳ ವ್ಯತ್ಯಾಸದಲ್ಲಿ ದೊರೆಯುವುದು. ಆದರೆ ನೆಲವನ್ನು ಅಳೆಯುವ ಸಾಮಾನ್ಯ ಲೈಡಾರಿನ ಬೆಳಕು ನೀರಿನ ತಳವನ್ನು ಮುಟ್ಟಲಾರದು. ತುಂಬಿದ ಗುಳಿಯ ಆಳವು ಆಗ ತಿಳಿಯದು; ದಟ್ಟವಾದ ಜೊಂಡೂ ಅಳತೆಯನ್ನು ಕೆಡಿಸುವುದು. ಆದುದರಿಂದ ನೀರು ಇಳಿದು ಸಸ್ಯಗಳು ಒಣಗಿರುವ ಕಾಲವೇ ಅಳತೆಗೆ ಯೋಗ್ಯವಾದುದು.

ಜೌಗು ನಿರರ್ಥಕವಾದ ನೆಲವಲ್ಲ. ಮಳೆನೀರನ್ನು ತಡೆದು ನಿಲ್ಲಿಸಿಕೊಳ್ಳುವ ಪಾತ್ರೆ. ಕಾಲುವೆಯನ್ನು ತೋಡುವುದಕ್ಕೆ ಮೊದಲು ಅದರ ಅಂಚು ಎಲ್ಲಿ ತಗ್ಗಾಗಿದೆ, ಅಲ್ಲಿಂದಾಚೆಗೆ ಯಾರ ನೆಲವಿದೆ ಎಂಬುದನ್ನು ನಕ್ಷೆಯಲ್ಲಿ ನೋಡತಕ್ಕದ್ದು.