‘ಸೆಟ್’ ಎಂಬ ಬಹುರೂಪಿ

ಬೆಂಗಳೂರಿನ ಉಪಾಹಾರ ಗೃಹದಲ್ಲಿ ಕುಳಿತು ‘ಒಂದು ಸೆಟ್ ದೋಸೆ’ ಎಂದು ಹೇಳುವ ಗೃಹಸ್ಥರಾರೂ ಅದಕ್ಕೆ ಮೊದಲು ನಿಘಂಟನ್ನು ತೆರೆದು ನೋಡುವುದಿಲ್ಲ. ಒಂದರ ಮೇಲೊಂದಾಗಿ ಮೃದುವಾದ ಎರಡು ಮೂರು ದೋಸೆಗಳು ಬರುತ್ತವೆ, ಬದಿಯಲ್ಲಿ ಸಾಗು ಬರುತ್ತದೆ, ಪದದ ಅರ್ಥವೂ ಅವುಗಳೊಡನೆ ಸುಲಭವಾಗಿ ಹೊಟ್ಟೆಗಿಳಿಯುತ್ತದೆ. ತೊಡಕು ಹುಟ್ಟುವುದು ಮನೆಗೆ ಬಂದ ಮೇಲೆ. ಇಂಗ್ಲಿಷ್ ಪಾಠದಲ್ಲಿ ‘ದ ಸನ್ ಸೆಟ್ಸ್’ ಎಂಬ ವಾಕ್ಯವನ್ನು ಕಂಡ ಮಗ, “ಸೆಟ್ ಎಂದರೆ ಜೊತೆ ಅಲ್ಲವೇನಪ್ಪ? ಸೂರ್ಯನಿಗೆ ಜೊತೆ ಯಾರು?” ಎಂದು ಕೇಳಿದರೆ, ದೋಸೆ ತಿಂದು ಬಂದ ತಂದೆ ಕನ್ನಡಕ ಒರೆಸಿಕೊಳ್ಳಬೇಕಾಗುತ್ತದೆ.

ಮೂರೇ ಅಕ್ಷರಗಳ ಈ ಪದ ಎಷ್ಟು ವೇಷಗಳನ್ನು ಧರಿಸುತ್ತದೆ! ಬೆಳಗಿನ ಜಾವ ಏಳಲು ಗಡಿಯಾರವನ್ನು ಸೆಟ್ ಮಾಡುತ್ತಾರೆ. ಚಿತ್ರರಂಗದವರು ಅರಮನೆಯ ಸೆಟ್ ಹಾಕಿ, ಚಿತ್ರೀಕರಣ ಮುಗಿದೊಡನೆ ಕಿತ್ತುಹಾಕುತ್ತಾರೆ. ಟೆನ್ನಿಸ್ ಆಟಗಾರ ಒಂದು ಸೆಟ್ ಸೋತು ಎರಡು ಸೆಟ್ ಗೆಲ್ಲುತ್ತಾನೆ. ಗಣಿತದ ಉಪಾಧ್ಯಾಯರು ಅದೇ ಪದವನ್ನು ಕನ್ನಡದಲ್ಲಿ ‘ಗಣ’ ಎಂದು ಕರೆದು ಕಪ್ಪುಹಲಗೆಯ ಮೇಲೆ ವೃತ್ತ ಬರೆಯುತ್ತಾರೆ. ಗಾರೆ ಕೆಲಸದವನು, “ಸಿಮೆಂಟ್ ಸೆಟ್ ಆಗೋವರೆಗೂ ಕಾಲಿಡಬೇಡಿ ಅಮ್ಮ” ಎಂದು ಗೃಹಿಣಿಗೆ ಎಚ್ಚರಿಕೆ ಕೊಡುತ್ತಾನೆ.

ಕಲಿಯುವವರಿಗೆ ಒಂದು ಸಮಾಧಾನವುಂಟು. ಈ ಪದದ ಮುಂದೆ ಬೆವರಿದವರಲ್ಲಿ ಮಹಾವಿದ್ವಾಂಸರೂ ಇದ್ದರು. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಮೊದಲ ಸಂಚಿಕೆ ಹೊರಬಿದ್ದದ್ದು 1884ರಲ್ಲಿ. ಮೊದಲ ಆವೃತ್ತಿ ಪೂರ್ಣಗೊಂಡದ್ದು 1928ರಲ್ಲಿ. ಅದರಲ್ಲಿ ‘ಸೆಟ್’ ಬರುವ ಭಾಗವನ್ನು ಸಂಪಾದಿಸಿದವರು ಹೆನ್ರಿ ಬ್ರಾಡ್ಲಿ. ಈ ಮಹನೀಯರು ಷೆಫೀಲ್ಡ್ ನಗರದಲ್ಲಿ ಚಾಕು-ಚೂರಿ ತಯಾರಿಸುವ ಸಂಸ್ಥೆಯೊಂದರಲ್ಲಿ ಸುಮಾರು 20 ವರ್ಷ ಗುಮಾಸ್ತಗಿರಿ ಮಾಡಿದವರು. ಅನೇಕ ಭಾಷೆಗಳನ್ನು ಸ್ವಂತ ಪರಿಶ್ರಮದಿಂದ ಕಲಿತವರು. 1989ರಲ್ಲಿ 20 ಸಂಪುಟಗಳ ಎರಡನೆಯ ಆವೃತ್ತಿ ಬಂದಾಗ, ‘ಸೆಟ್’ ಎಂಬ ಕ್ರಿಯಾಪದವೊಂದಕ್ಕೇ 430ರಷ್ಟು ಅರ್ಥಗಳೂ ಅವುಗಳ ವಿವರಣೆಗೆ ಸುಮಾರು 60,000 ಪದಗಳೂ ಬೇಕಾಗಿದ್ದವು. ಒಂದು ಸಾಧಾರಣ ಕಾದಂಬರಿಯ ಗಾತ್ರ! ಮುಂದಿನ ಪರಿಷ್ಕರಣದಲ್ಲಿ ಈ ಪಟ್ಟ ‘ರನ್’ ಎಂಬ ಪದಕ್ಕೆ ಹೋಯಿತು. ಅದಕ್ಕೆ 645 ಅರ್ಥಗಳೆಂದು 2011ರಲ್ಲಿ ಪ್ರಕಟವಾಯಿತು.

ಹಾಗಾದರೆ ಪಾಪ, ಆ ಬಾಲಕ 430 ಅರ್ಥಗಳನ್ನೂ ಉರುಹೊಡೆಯಬೇಕೆ? ಬೇಕಾಗಿಲ್ಲ. ಈ ಮಹಾವೃಕ್ಷದ ಬೇರು ಬಹು ಸರಳವಾದುದು. ಕನ್ನಡಿಗನಿಗಂತೂ ಅದು ಮನೆಯ ಹಿತ್ತಿಲಿನಷ್ಟೇ ಪರಿಚಿತ. ಇಂಗ್ಲಿಷಿನಲ್ಲಿ ‘ಸಿಟ್’ ಎಂದರೆ ಕುಳಿತುಕೊಳ್ಳು. ಅದರ ಪ್ರೇರಣಾರ್ಥಕ ರೂಪವೇ ‘ಸೆಟ್’, ಎಂದರೆ, ಕೂರಿಸು. ನಮ್ಮಲ್ಲಿ ಏಳು-ಎಬ್ಬಿಸು, ಮಲಗು-ಮಲಗಿಸು ಎಂಬ ಜೋಡಿಗಳಿರುವಂತೆಯೇ ಅವರದೂ ಒಂದು ಹಳೆಯ ಜೋಡಿ.

ಈ ಬೀಗದಕೈ ದೊರೆತ ಮೇಲೆ ಬಾಗಿಲುಗಳು ಒಂದೊಂದಾಗಿ ತೆರೆಯುತ್ತವೆ. ಅಕ್ಕಸಾಲಿ ಉಂಗುರದಲ್ಲಿ ಹರಳನ್ನು ಕೂರಿಸುತ್ತಾನೆ. ಇಂಗ್ಲಿಷಿನವನೂ ಅಲ್ಲಿ ಬಳಸುವುದು ‘ಸೆಟ್’ ಎಂಬುದನ್ನೇ. ವೈದ್ಯನು ಮುರಿದ ಮೂಳೆಯನ್ನು ಅದರ ಸ್ಥಾನದಲ್ಲಿ ಕೂರಿಸಿ ಕಟ್ಟುತ್ತಾನೆ, ಅದೂ ‘ಸೆಟ್’. ಗಡಿಯಾರದ ಮುಳ್ಳನ್ನು ಬೇಕಾದ ಗಂಟೆಯ ಮೇಲೆ ಕೂರಿಸುವುದೂ ಅದೇ. ಕದಡಿದ ಸಿಮೆಂಟು ಅಲುಗಾಡದೆ ಕುಳಿತು ಗಟ್ಟಿಯಾಗುತ್ತದೆ. ಭಾದ್ರಪದದಲ್ಲಿ ಗಣಪತಿಯನ್ನು ಕೂರಿಸುವ, ನವರಾತ್ರಿಯಲ್ಲಿ ಗೊಂಬೆ ಕೂರಿಸುವ ಮನೆಯ ಮಗುವಿಗೆ ಈ ಪದವನ್ನು ತಿಳಿಯಹೇಳುವುದು ಕಷ್ಟವೆ? ಸೂರ್ಯನ ಸಂಗತಿಯೂ ಇದೇ. ಆಕಾಶದಲ್ಲಿ ನಡೆದು ದಣಿದ ಸೂರ್ಯ ಇಂಗ್ಲಿಷಿನಲ್ಲಿ ಸಂಜೆ ಕುಳಿತುಕೊಳ್ಳುತ್ತಾನೆ. ಕನ್ನಡದ ಸೂರ್ಯ ಇನ್ನೂ ಸುಖಪುರುಷ, ಆತ ಮಲಗಿಯೇಬಿಡುತ್ತಾನೆ. ಹಳಗನ್ನಡದ ‘ಪಡು’ ಧಾತುವಿಗೆ ಮಲಗು, ಅಸ್ತಮಿಸು ಎಂಬ ಎರಡು ಅರ್ಥಗಳೂ ಇವೆ. ಅವನು ಪಡುವ ದಿಕ್ಕೇ ಪಡುವಣ.

ಆದರೆ ದೋಸೆಯ ಸೆಟ್ಟಿನಲ್ಲಿ ಯಾರು ಯಾರನ್ನು ಕೂರಿಸಿದರು? ಅಲ್ಲಿ ನಿಜಕ್ಕೂ ಒಂದು ಸ್ವಾರಸ್ಯವಿದೆ. ಗುಂಪು, ಜೊತೆ ಎಂಬ ಅರ್ಥದ ‘ಸೆಟ್’ ಹುಟ್ಟಿನಿಂದ ಬೇರೆಯೇ ಪದ. ಅದು ಹಳೆಯ ಫ್ರೆಂಚಿನ ಮೂಲಕ ಲ್ಯಾಟಿನ್ನಿನಿಂದ ಬಂದುದು. ಅದರ ಮೂಲ ‘ಸೆಕ್ತ’, ಎಂದರೆ ಒಬ್ಬನ ಹಿಂದೆ ನಡೆಯುವ ಅನುಯಾಯಿಗಳು, ಪಂಥ. ಬೇರೆ ಬೇರೆ ಮನೆಗಳಲ್ಲಿ ಹುಟ್ಟಿದ ಎರಡು ಪದಗಳು ಒಂದೇ ಉಡುಪು ತೊಟ್ಟು, ಕಾಲಕ್ರಮದಲ್ಲಿ ಒಂದರ ಗುಣ ಇನ್ನೊಂದಕ್ಕೆ ಅಂಟಿ, ಅವಳಿಗಳಂತೆ ತಿರುಗುತ್ತಿವೆ. ಆದುದರಿಂದ ‘ಜೊತೆ’ ಎಂಬ ಅರ್ಥವನ್ನು ಹಿಡಿದು ಸೂರ್ಯನ ಬಳಿಗೆ ಹೋದ ಬಾಲಕನದು ದಡ್ಡತನವೇನಲ್ಲ. ಅವನು ತಪ್ಪು ಮನೆಯ ಬಾಗಿಲು ತಟ್ಟಿದ, ಅಷ್ಟೆ.

ಇಂಗ್ಲಿಷಿನವರು ಮಾತ್ರ ಹೀಗೆ ಕಾಡುತ್ತಾರೆಂದು ಬೇಸರಿಸುವುದೂ ಬೇಡ. ಕನ್ನಡ ಕಲಿಯಹೊರಟ ಪರದೇಶದವನು ನಮ್ಮ ‘ಹಾಕು’ವಿನ ಕೈಗೆ ಸಿಕ್ಕಿ ಪಡುವ ಪಾಡನ್ನು ನೆನೆಯಬೇಕು. ನಾವು ಅಂಗಿ ಹಾಕುತ್ತೇವೆ, ಬಾಗಿಲು ಹಾಕುತ್ತೇವೆ, ಲೆಕ್ಕ ಹಾಕುತ್ತೇವೆ, ರುಜು ಹಾಕುತ್ತೇವೆ. ಕೋಳಿ ಮೊಟ್ಟೆ ಹಾಕುತ್ತದೆ. ಸಾಹುಕಾರ ಬೆದರಿಕೆ ಹಾಕುತ್ತಾನೆ. “ಎಲೆ ಹಾಕಿದೆ, ಏಳಿ” ಎಂದರೆ ಊಟ ಸಿದ್ಧವಾಗಿದೆ. ಇವುಗಳ ಪಟ್ಟಿಯನ್ನು ಯಾವ ಕನ್ನಡದ ಮಗುವೂ ಬಾಯಿಪಾಠ ಮಾಡಿಲ್ಲ. ಪದವನ್ನು ಅದರ ಸಂಗಾತಿಯೊಡನೆ ಕೇಳಿತು, ಸಂಗಾತಿಯೊಡನೆಯೇ ಕಲಿತಿತು.

‘ಸೆಟ್’ ಪದವನ್ನು ಕಲಿಯಲೂ ಇದೇ ಸುಲಭೋಪಾಯ. ಅದರಲ್ಲಿಯೂ ಅದರ ಬೆನ್ನಿಗೆ ಸಣ್ಣದೊಂದು ಪದ ಅಂಟಿಕೊಂಡಾಗ ಎರಡನ್ನೂ ಬೇರ್ಪಡಿಸದೆ ಕಲಿಯಬೇಕು. ‘ಇನ್’ ಸೇರಿದರೆ ಮಳೆಗಾಲ ನೆಲೆಯೂರುತ್ತದೆ. ನಮ್ಮವರು ‘ಮಳೆ ಹಿಡಿಯಿತು’ ಎನ್ನುವುದಿಲ್ಲವೆ, ಹಾಗೆ. ‘ಆಫ್’ ಸೇರಿದರೆ ಪ್ರಯಾಣ ಹೊರಡುವುದೂ ಆಗಬಹುದು, ಪಟಾಕಿ ಹಾರಿಸುವುದೂ ಆಗಬಹುದು.

ಇಲ್ಲಿ ಅಲಕ್ಷ್ಯ ಮಾಡಿದರೆ ನಷ್ಟ ಪರೀಕ್ಷೆಯ ಅಂಕಗಳಿಗೆ ಮಾತ್ರವಲ್ಲ. ‘ಸೆಟ್ ಅಸೈಡ್’ ಎಂಬುದಕ್ಕೆ ಮನೆಯಲ್ಲಿ ಇರುವ ಅರ್ಥ ತೆಗೆದಿಡು ಎಂದು. ಮಗಳ ಮದುವೆಗೆಂದು ಹಣ ತೆಗೆದಿಡುವಂತೆ. ನ್ಯಾಯಾಲಯದ ಹೊಸ್ತಿಲು ದಾಟಿದೊಡನೆ ಅದೇ ಮಾತಿಗೆ ರದ್ದುಪಡಿಸು ಎಂದು ಅರ್ಥವಾಗುತ್ತದೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಒಂಬತ್ತನೆಯ ಆದೇಶ ಹೇಳುವುದು, ಪ್ರತಿವಾದಿಯ ಗೈರುಹಾಜರಿಯಲ್ಲಿ ಆದ ಡಿಕ್ರಿಯನ್ನು ಹೀಗೆ ‘ಸೆಟ್ ಅಸೈಡ್’ ಮಾಡಿಸುವ ಕ್ರಮವನ್ನು. ಅದೇ ಸಂಹಿತೆಯ ಎಂಟನೆಯ ಆದೇಶದಲ್ಲಿ ‘ಸೆಟ್ ಆಫ್’ ಇದೆ. ಅಲ್ಲಿ ಪ್ರಯಾಣವೂ ಇಲ್ಲ, ಪಟಾಕಿಯೂ ಇಲ್ಲ. ವಾದಿ ಕೇಳುವ ಹಣಕ್ಕೆ ಪ್ರತಿಯಾಗಿ ಅವನಿಂದ ತನಗೆ ಬರಬೇಕಾದ ನಿಶ್ಚಿತ ಹಣವನ್ನು ವಜಾ ಹಾಕಿಕೊಳ್ಳಲು ಪ್ರತಿವಾದಿ ಕೋರುವುದು. ತನ್ನ ಪರವಾದ ಆಜ್ಞೆ ‘ಸೆಟ್ ಅಸೈಡ್’ ಆಗಿದೆಯೆಂಬ ಕಾಗದವನ್ನು ಕೈಯಲ್ಲಿ ಹಿಡಿದ ವೃದ್ಧರು, ತಮ್ಮ ಹಕ್ಕನ್ನು ಸರ್ಕಾರ ಜೋಪಾನವಾಗಿ ತೆಗೆದಿರಿಸಿದೆಯೆಂದು ನೆಮ್ಮದಿಯಿಂದ ಮಲಗಿದರೆ, ಮೇಲ್ಮನವಿಯ ಅವಧಿ ಅವರಿಗಾಗಿ ಕಾದು ನಿಲ್ಲುವುದಿಲ್ಲ.

ವ್ಯಾಕರಣದಲ್ಲಿ ಮಾತ್ರ ಈ ಪದ ಬಹಳ ಸಾಧು. ಇಂದು, ನಿನ್ನೆ, ಎಂದೋ ಆದದ್ದು, ಎಲ್ಲಕ್ಕೂ ಅದೇ ‘ಸೆಟ್’. ಕನ್ನಡದ ಬೀದಿಗಳಲ್ಲಿ ಅದು ಇನ್ನೂ ಒಂದು ವೇಷ ಹಾಕಿದೆ. ಗಂಡಿನ ಕಡೆಯವರಿಗೂ ಹೆಣ್ಣಿನ ಕಡೆಯವರಿಗೂ ಮಾತು ಕೂಡಿಬರಲಿಲ್ಲವೆಂದರೆ, “ಯಾಕೋ ಸೆಟ್ ಆಗಲಿಲ್ಲ ಕಣ್ರೀ” ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಇದನ್ನು ಹೀಗೆಯೇ ಇಂಗ್ಲಿಷಿಗೆ ತಿರುಗಿಸಿದರೆ ಲಂಡನ್ನಿನವನು ಕಣ್ಣರಳಿಸಿ, ಸಿಮೆಂಟಿನ ಸಂಗತಿಯಿರಬೇಕೆಂದು ಭಾವಿಸಿಯಾನು.